ನಮ್ಮ ಮಾವ ಕಂಡ ಸಂಖ್ಯೆ

ಪ್ರತಿ ಮನೆಯಲ್ಲೂ ಊಟದ ಹೊತ್ತಿಗೆ ತಪ್ಪದೆ ಬರುವ ಮಾತೊಂದಿರುತ್ತದೆ. ಕೆಲವರ ಮನೆಯಲ್ಲಿ ಅದು ಸಕ್ಕರೆ ಕಾಯಿಲೆ, ಕೆಲವರಲ್ಲಿ ಮಗನ ಜಾತಕ, ಇನ್ನು ಕೆಲವರಲ್ಲಿ ಇಪ್ಪತ್ತು ವರ್ಷದ ಹಿಂದೆ ಯಾರದೋ ಮದುವೆಯಲ್ಲಿ ತಮ್ಮ ಎಲೆಗೆ ಎರಡನೇ ಸಲ ಪಾಯಸ ಬಾರದೆ ಹೋದ ಸಂಗತಿ. ನಮ್ಮ ಮನೆಯಲ್ಲಿ ಅದು ಒಂದು ಸಂಖ್ಯೆ. ಮೂವತ್ತೆಂಟು ಕೋಟಿ ಹದಿನಾರು ಲಕ್ಷ ಐವತ್ತನಾಲ್ಕು ಸಾವಿರದ ಏಳುನೂರ ಇಪ್ಪತ್ತೊಂಬತ್ತು. ಇದನ್ನು ಮೊದಲ ಸಲ ಕೇಳಿದ ನೆಂಟರು ಒಮ್ಮೆ ನಮ್ಮ ಮುಖ ನೋಡುತ್ತಾರೆ, ಒಮ್ಮೆ ನಮ್ಮ ಗೋಡೆ ನೋಡುತ್ತಾರೆ. ಗೋಡೆಯ ಸುಣ್ಣ ಅಲ್ಲಲ್ಲಿ ಉದುರಿರುವುದು ಕಂಡ ಮೇಲೆ, ಇದು ದುಡ್ಡಿನ ಮಾತಲ್ಲ ಎಂದು ಅರ್ಥವಾಗಿ, ನೆಮ್ಮದಿಯಿಂದ ಇನ್ನೊಂದು ಲೋಟ ಕಾಫಿ ಕೇಳುತ್ತಾರೆ.

ನನಗೂ ಅಂಕಿಗಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹತ್ತನೇ ತರಗತಿಯಲ್ಲಿ ನನಗೆ ಗಣಿತದಲ್ಲಿ ಬಂದದ್ದು ಮೂವತ್ತೈದು. ಅದರಲ್ಲಿ ಐದು ಮೇಷ್ಟ್ರ ದಯೆ, ಐದು ವೃತ್ತವನ್ನು ಅಂದವಾಗಿ ಬಿಡಿಸಿದ್ದಕ್ಕೆ. ಮಿಕ್ಕ ಇಪ್ಪತ್ತೈದು ಎಲ್ಲಿಂದ ಬಂದವೋ ಆ ಚಾಮುಂಡಿಗೇ ಗೊತ್ತು. ದೇವರ ತಮಾಷೆ ನೋಡಿ, ಇಂಥ ನನಗೆ ಕೆಲಸ ಸಿಕ್ಕಿದ್ದು ಹೂಟಗಳ್ಳಿಯ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದಲ್ಲಿ. ಬೆಳಗಿನಿಂದ ಸಂಜೆಯವರೆಗೆ ರಟ್ಟಿನ ಪೆಟ್ಟಿಗೆಗಳ ಮೇಲೆ ಉದ್ದುದ್ದ ನಂಬರಿನ ಚೀಟಿ ಅಂಟಿಸುವುದು, ಪೆಟ್ಟಿಗೆಯ ನಂಬರೂ ಪಟ್ಟಿಯ ನಂಬರೂ ಒಂದೇ ಇದೆಯೇ ಎಂದು ನೋಡುವುದು. ಹದಿನಾಲ್ಕು ವರ್ಷದಿಂದ ನಾನು ಅಂಕಿಗಳನ್ನು ನೋಡುತ್ತಿರುವುದು ಬಸ್ಸಿನ ಕಿಟಕಿಯಿಂದ ಜನರನ್ನು ನೋಡಿದ ಹಾಗೆ. ಮುಖ ಕಾಣುತ್ತದೆ, ಮುಂದೆ ಹೋಗುತ್ತದೆ, ಯಾರೆಂದು ವಿಚಾರಿಸುವ ಗೋಜಿಲ್ಲ.

ವಿಚಾರಿಸುವ ಗೋಜು ಇದ್ದದ್ದು ನಮ್ಮ ಮಾವನಿಗೆ. ಮಾದಪ್ಪನವರು ನನ್ನ ಗಂಡನ ತಂದೆ. ನರಸೀಪುರದ ಕಡೆಯ ಒಂದು ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಮೈಸೂರಿಗೆ ಬಂದು, ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಬಿಡಿಭಾಗಗಳ ಮೇಲೆ ನಂಬರು ಒತ್ತುವ ಕೆಲಸಕ್ಕೆ ಸೇರಿದವರು. ಒಂದು ಕೈಯಲ್ಲಿ ಅಂಕಿ ಕೊರೆದ ಉಕ್ಕಿನ ಮೊಳೆ, ಇನ್ನೊಂದು ಕೈಯಲ್ಲಿ ಸುತ್ತಿಗೆ. ಟಣ್ ಎಂದರೆ ಒಂದು ಅಂಕಿ. ಮೂವತ್ತೈದು ವರ್ಷ ಟಣ್ ಟಣ್ ಎನಿಸಿ ನಿವೃತ್ತರಾಗುವಾಗ ಅವರು ಮನೆಗೆ ತಂದದ್ದು ಒಂದು ಗೋಡೆ ಗಡಿಯಾರ, ಒಂದು ಶಾಲು, ಮತ್ತು ಒಂದು ಹಳೆಯ ನಶ್ಯದ ಡಬ್ಬಿ. ಡಬ್ಬಿಯಲ್ಲಿ ನಶ್ಯವಿರಲಿಲ್ಲ. ಒಂದರಿಂದ ಒಂಬತ್ತರವರೆಗೆ ಒಂದೊಂದು ಅಂಕಿ ಒತ್ತಿದ ಒಂಬತ್ತು ಕಬ್ಬಿಣದ ವಾಷರ್‌ಗಳಿದ್ದವು. ಆರು ಯಾವುದು ಒಂಬತ್ತು ಯಾವುದು ಎಂದು ಗೊತ್ತಾಗಲೆಂದು ಒಂಬತ್ತರ ಕೆಳಗೆ ಒಂದು ಚುಕ್ಕಿ.

ಮದುವೆಯಾಗಿ ಬಂದ ಹೊಸತರಲ್ಲಿ ಈ ವಾಷರ್‌ಗಳ ಕಾಟ ಇಷ್ಟಿಷ್ಟಲ್ಲ. ಊಟದ ಮೇಜಿನ ಮೇಲೆ ಸಾಲಾಗಿ ಕೂತಿರುತ್ತಿದ್ದವು. ನಾನು ಮೇಜು ಒರೆಸಿ ಒಟ್ಟು ಮಾಡಿ ಡಬ್ಬಿಗೆ ಹಾಕಿದರೆ, ಮಾವ ಬಂದು ಮತ್ತೆ ಅದೇ ಸಾಲು ಹೂಡುತ್ತಿದ್ದರು. ಒಂದು ದಿನ ಆರು ಕಾಣೆಯಾಗಿ, ಎರಡು ದಿನದ ಮೇಲೆ ಹುಣಸೆಹಣ್ಣಿನ ಜಾಡಿಯಲ್ಲಿ ಸಿಕ್ಕಿತು. ಹೇಗೆ ಹೋಯಿತೆಂದು ಯಾರೂ ಯಾರನ್ನೂ ಕೇಳಲಿಲ್ಲ. ಆಗ ಬದುಕಿದ್ದ ಅತ್ತೆ ಪುಟ್ಟತಾಯಮ್ಮನವರು ನನ್ನ ಕಿವಿಯಲ್ಲಿ ಹೇಳಿದ್ದಿಷ್ಟೇ: “ಕೆಲವರು ಇಸ್ಪೀಟಾಡ್ತಾರೆ, ಕೆಲವರು ಕುಡೀತಾರೆ. ನಮ್ಮೋರು ವಾಷರ್ ಜೋಡುಸ್ತಾರೆ. ಸುಮ್ನಿರು ಕಣವ್ವ.”

ಆ ಸಾಲಿನ ಗುಟ್ಟು ನನಗೆ ತಿಳಿದದ್ದು ಒಂದು ಭಾನುವಾರದ ಮಧ್ಯಾಹ್ನ. ಅವರೆಕಾಯಿಯ ಕಾಲ. ಬಿಸಿಲು ಕಿಟಕಿಯ ಸರಳುಗಳ ನಡುವಿನಿಂದ ಮೇಜಿನ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದು, ಬೀದಿಯಲ್ಲಿ ಒಂದು ಆಟೋ ಕೂಡ ಇಲ್ಲದೆ, ಇಡೀ ಸರಸ್ವತಿಪುರಂ ಊಟ ಮಾಡಿ ಒರಗಿತ್ತು. ನಾನು ಅವರೆಕಾಯಿ ಬಿಡಿಸುತ್ತ ತೂಕಡಿಸುತ್ತಿದ್ದೆ.

“ಸವಿತ, ಇತ್ಲಾಗೆ ಒಸಿ ನೋಡು” ಎಂದರು ಮಾವ.

“ಕಾಯಿ ಬಿಡಿಸ್ಬೇಕು ಮಾವ.”

“ಕೈ ಅದರ ಪಾಡಿಗೆ ಅದು ಬುಡುಸ್ಲಿ. ಕಣ್ಣು ಇತ್ಲಾಗೆ ಕೊಡು.”

ಎಲ್ಲ ವಾಷರ್‌ಗಳನ್ನೂ ಅಂಗೈಯಲ್ಲಿ ಮುಚ್ಚಿ, ಒಂದನ್ನು ಮಾತ್ರ ಹೊರಗೆ ಬಿಟ್ಟರು. ಮೂರು. “ಒಂದರಿಂದ ಓಗ್ತದಾ?”

“ಒಂದರಿಂದ ಎಲ್ಲಾನೂ ಹೋಗುತ್ತೆ.”

ಎಂಟನ್ನು ಬಿಟ್ಟರು. ಮೂವತ್ತೆಂಟಾಯಿತು. “ಎರಡರಿಂದ?” ಹೋಯಿತು. ಒಂದನ್ನು ಬಿಟ್ಟರು. ಮುನ್ನೂರ ಎಂಬತ್ತೊಂದು. “ಮೂರರಿಂದ?” ನಾನು ಅವರೆಕಾಳಿನ ಸಹಾಯ ಪಡೆದು, ನೂರ ಇಪ್ಪತ್ತೇಳು ಎಂದು ಲೆಕ್ಕ ಹಾಕಿದೆ. ಶೇಷ ಇರಲಿಲ್ಲ. ಆರು ಹೊರಬಂತು. ಮೂರು ಸಾವಿರದ ಎಂಟುನೂರ ಹದಿನಾರು ನಾಲ್ಕರಿಂದ ಹೋಯಿತು. ಐದು ಬಂತು, ಐದರಿಂದ ಹೋಯಿತು. ನಾಲ್ಕು ಬಂತು, ಆರರಿಂದ ಹೋಯಿತು. ಅಷ್ಟರಲ್ಲಿ ನನ್ನ ಕೈ ನಿಂತು ಹೋಗಿತ್ತು.

“ಈಗ ಏಳು” ಎಂದರು ಮಾವ.

ನಾನು ಎದ್ದು ನಿಂತೆ.

“ಎದ್ಯಾಕವ್ವ ನಿಂತ್ಕೊಂಡೆ? ಅಂಕಿ ಏಳು!”

ಹೇಳು ಎನ್ನುವುದನ್ನೂ ಏಳು ಎನ್ನುವ ಮಾವನ ಬಾಯಲ್ಲಿ ಏಳು ಎಂದರೆ ಮೂರು ಅರ್ಥ. ನಾನು ಮತ್ತೆ ಕೂತೆ. ಮೂವತ್ತೆಂಟು ಲಕ್ಷ ಹದಿನಾರು ಸಾವಿರದ ಐನೂರ ನಲವತ್ತೇಳು. ಅದು ಏಳರಿಂದ ಹೋಯಿತು. ಎರಡು ಸೇರಿದ ಮೇಲೆ ಎಂಟರಿಂದ ಹೋಯಿತು. ಕೊನೆಗೆ ಚುಕ್ಕಿಯ ಒಂಬತ್ತು ಬಂದು ಸಾಲಿನ ತುದಿಯಲ್ಲಿ ಕೂತು, 381654729 ಒಂಬತ್ತರಿಂದ ಹೋಯಿತು. ಎಲ್ಲೂ ಒಂದು ಚೂರು ಉಳಿಯಲಿಲ್ಲ.

ಹೇಗೆ ಹೇಳಲಿ, ನನಗೆ ಆಗ ಕಂಡದ್ದು ಅಂಕಿಯಲ್ಲ. ಒಂದು ಪಡಸಾಲೆ. ಒಬ್ಬರು ಕೂತು ಉಣ್ಣುತ್ತಿದ್ದಾರೆ, ಇನ್ನೊಬ್ಬರು ಬಂದರು, ಇಬ್ಬರಿಗೂ ಸಮಪಾಲು. ಮೂರನೆಯವರು ಬಂದರು, ಮೂವರಿಗೂ ಸಮ. ಹಾಗೆ ಬರುತ್ತ ಬರುತ್ತ ಒಂಬತ್ತು ಜನ ಕೂತರೂ ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ, ಪಾತ್ರೆಯ ತಳದಲ್ಲಿ ಏನೂ ಮಿಗಲಿಲ್ಲ. ಬಂದವರಲ್ಲಿ ಒಬ್ಬರ ಮುಖದ ಹಾಗೆ ಇನ್ನೊಬ್ಬರದಿಲ್ಲ. ನಾನು ಆ ಪಡಸಾಲೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಎಚ್ಚರವಾದಾಗ ಸಿಪ್ಪೆಯನ್ನೆಲ್ಲ ಪಾತ್ರೆಗೆ ಹಾಕಿ, ಕಾಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದ್ದೆ.

ಒಂಬತ್ತೂ ಅಂಕಿಗಳನ್ನು ಒಂದೊಂದೇ ಸಲ ಬಳಸಿ ಇಂಥ ಸಾಲು ಕಟ್ಟಬಹುದೇ ಎಂಬ ಪ್ರಶ್ನೆಯನ್ನು ಮಾವನಿಗೆ ಯಾರೂ ಕೊಟ್ಟಿರಲಿಲ್ಲ. ಊಟದ ವಿರಾಮದಲ್ಲಿ ವಾಷರ್ ಜೋಡಿಸುತ್ತ ಕೂತಾಗ ತಾನಾಗಿ ಬಂದದ್ದು. ಒಂಬತ್ತು ಅಂಕಿಗಳನ್ನು ಮೂರು ಲಕ್ಷ ಅರವತ್ತೆರಡು ಸಾವಿರ ಚಿಲ್ಲರೆ ಬಗೆಯಲ್ಲಿ ಜೋಡಿಸಬಹುದಂತೆ. ಅಷ್ಟನ್ನೂ ಭಾಗಿಸಿ ನೋಡಲು ಏಳು ಜನ್ಮ ಬೇಕೆಂದು ಗೊತ್ತಾದ ಮೇಲೆ ಅವರು ಭಾಗಿಸುವುದನ್ನು ಬಿಟ್ಟು ಯೋಚಿಸತೊಡಗಿದರು. ಮೊದಲ ಐದು ಅಂಕಿ ಐದರಿಂದ ಹೋಗಬೇಕಾದರೆ ಅದರ ಕೊನೆಯಲ್ಲಿ ಸೊನ್ನೆ ಇಲ್ಲವೇ ಐದು ಇರಬೇಕು. ಡಬ್ಬಿಯಲ್ಲಿ ಸೊನ್ನೆ ಇಲ್ಲ. “ಅಲ್ಲಿಗೆ ಐದುಕ್ಕೆ ನಡುಮನೆ ಖಾಯಮ್ಮು” ಎನ್ನುತ್ತಾರೆ ಮಾವ. ಎರಡನೇ, ನಾಲ್ಕನೇ, ಆರನೇ, ಎಂಟನೇ ಮನೆಗಳಿಗೆ ಸಮಸಂಖ್ಯೆಗಳೇ ಬಾಡಿಗೆದಾರರು. ಮಿಕ್ಕ ಮನೆಗಳು ಬೆಸಸಂಖ್ಯೆಗಳಿಗೆ. ಹೀಗೆ ಒಂದೊಂದೇ ಬೀಗ ಹಾಕುತ್ತ ಬಂದು, ಮೂರು ವರ್ಷದ ಕೊನೆಗೆ ಅವರ ಕೈಯಲ್ಲಿ ಉಳಿದದ್ದು ಹತ್ತೇ ಹತ್ತು. ಆ ಹತ್ತರ ಮೇಲೆ ಏಳರ ಪರೀಕ್ಷೆ. ಒಂದು ಸಂಜೆ ಶಿಫ್ಟ್ ಬಸ್ಸಿನಲ್ಲಿ, ಮೊಣಕಾಲ ಮೇಲೆ ಚೀಟಿ ಇಟ್ಟುಕೊಂಡು, ಹೊಂಡ ಬಂದಾಗಲೆಲ್ಲ ಪೆನ್ಸಿಲ್ ಎತ್ತಿ ಹಿಡಿಯುತ್ತ, ಹತ್ತನ್ನೂ ಭಾಗಿಸಿದರು. ಒಂಬತ್ತು ಬಿದ್ದವು. ಒಂದು ನಿಂತಿತು. ಓಡುತ್ತ ಮನೆಗೆ ಬಂದು ಅತ್ತೆಗೆ ಹೇಳಿದರಂತೆ. ಅತ್ತೆ ಪೂರ್ತಿ ಕೇಳಿಸಿಕೊಂಡು, “ಒಳ್ಳೇದಾಯ್ತು, ಕೈ ತೊಳ್ಕೊಂಡ್ ಬನ್ನಿ, ಮುದ್ದೆ ಆರೋಗ್ತದೆ” ಎಂದರಂತೆ.

ಅತ್ತೆ ಹೋಗಿ ಮೂರು ವರ್ಷವಾಯಿತು. ಮೊನ್ನೆ ನಮ್ಮ ಗೇಟು ತುಕ್ಕು ಹಿಡಿದು ಬೀಳುವ ಹಾಗಾದಾಗ, ಹೊಸ ಗೇಟಿನ ಜೊತೆಗೆ ಕಂಬಕ್ಕೊಂದು ಹೆಸರಿನ ಕಲ್ಲು ಹಾಕಿಸೋಣ ಎಂದು ನನ್ನ ಗಂಡ ಹೊರಟರು. ಅವರ ಮನಸ್ಸಿನಲ್ಲಿ ‘ಮಾತೃಕೃಪಾ’ ಇತ್ತು. ನಮ್ಮ ಬೀದಿಯೊಂದರಲ್ಲೇ ಮೂರು ಮಾತೃಕೃಪಾಗಳಿದ್ದು, ಒಂದರ ಪಾರ್ಸೆಲ್ ಇನ್ನೊಂದಕ್ಕೆ ಹೋಗುತ್ತದೆ ಎಂದು ನಾನು ಹೇಳಿದೆ. ಅಷ್ಟರಲ್ಲಿ ಮಾವ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಮೊದಲ ಸಾಲಿನಲ್ಲಿ 381654729. ಎರಡನೇ ಸಾಲು, ‘ಇಂಥಾದ್ದು ಇದೊಂದೇ.’ ಮೂರನೇ ಸಾಲು, ‘ಕಂಡವರು: ಮಾದಪ್ಪ.’

ನನ್ನ ಗಂಡ ಚೀಟಿಯನ್ನು ಎರಡು ಸಲ ಓದಿ, “ಅಪ್ಪಾ, ಜನ ಏನಂದ್ಕೋತಾರೆ?” ಎಂದರು.

“ಏನಂದ್ಕೊಂಡ್ರೂ ಬಂದು ಏಳ್ಲಿ” ಎಂದರು ಮಾವ. ಇಡೀ ಜೀವನದಲ್ಲಿ ಮನೆಯವರನ್ನು ಏನೂ ಕೇಳದ ಮನುಷ್ಯ. ಮಾರನೇ ದಿನವೇ ಚೀಟಿ ಕಲ್ಲು ಕೆತ್ತುವ ನಂಜುಂಡಾಚಾರ್ರ ಅಂಗಡಿಗೆ ಹೋಯಿತು.

ನನಗೆ ಒಳಗೊಳಗೇ ಹೆಮ್ಮೆ. ಮರುದಿನ ಬೆಳಿಗ್ಗೆ ಕಾರ್ಖಾನೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಮಂಜು ಕವಿದು, ಬೆಟ್ಟ ಇರಬೇಕಾದ ಕಡೆ ಬರೀ ಬಿಳುಪು. ಮುಂದೆ ಹೋಗುವ ವಾಹನಗಳ ನಂಬರುಗಳು ಮಾತ್ರ ಮಂಜಿನಿಂದ ಈಚೆಗೆ ತೇಲಿ ಬಂದು ಮತ್ತೆ ಒಳಗೆ ಹೋಗುತ್ತಿದ್ದವು. ಒಂದೊಂದನ್ನೂ ಹಿಡಿದು ಮಾತಾಡಿಸಬೇಕು ಎನಿಸುತ್ತಿತ್ತು. ಆ ಗುಂಗಿನಲ್ಲಿ, ನಮ್ಮ ಮಾವನ ಸಂಖ್ಯೆ ಫೋನಿಗೆ ಗೊತ್ತಿದೆಯೇ ನೋಡೋಣ, ಗೊತ್ತಿಲ್ಲದಿದ್ದರೆ ಅದಕ್ಕೂ ಗೊತ್ತಾಗಲಿ ಎಂದು ಒಂಬತ್ತಂಕಿಯನ್ನು ಒತ್ತಿದೆ.

ಫೋನಿಗೆ ಗೊತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟದ ತುಂಬ ಅದೇ. ಒಂದರಿಂದ ಒಂಬತ್ತರವರೆಗೆ ಪ್ರತಿ ಅಂಕಿಯೂ ಒಮ್ಮೆ ಬರುವ, ಹೀಗೆ ಹಂತಹಂತಕ್ಕೂ ಭಾಗವಾಗುವ ಏಕೈಕ ಸಂಖ್ಯೆ ಎಂದು ಯಾರು ಯಾರೋ, ಯಾವ ಯಾವ ದೇಶದಲ್ಲೋ, ಎಂದೋ ಬರೆದಿಟ್ಟಿದ್ದರು. ಒಂದು ಕಡೆ ಅದನ್ನು ಶಾಲೆಯ ಮಕ್ಕಳಿಗೆ ಬಿಡುವಿನ ಆಟವೆಂದು ಕೊಟ್ಟಿದ್ದರು. ನಾನು ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಒಳಗೆ ಏನೋ ಜೀವವಿರುವುದನ್ನು ಕೂಡಿಹಾಕಿದ ಹಾಗಿತ್ತು.

ಆವತ್ತಿನಿಂದ ಹನ್ನೊಂದು ದಿನ ನಾನು ಮನೆಯಲ್ಲಿ ಕಳ್ಳಿಯ ಹಾಗೆ ಓಡಾಡಿದೆ. ಸರಸ್ವತಿಪುರದಲ್ಲಿ ಮನೆಗಿಂತ ಟ್ಯುಟೋರಿಯಲ್ ಜಾಸ್ತಿ. ಸಂಜೆಯಾದರೆ ನಮ್ಮ ಗೇಟಿನ ಮುಂದೆ ಬ್ಯಾಗು ಹೊತ್ತ ಮಕ್ಕಳ ಮೆರವಣಿಗೆ. ಅವರಲ್ಲೊಬ್ಬ ನಿಂತು ಕಲ್ಲು ಓದುತ್ತಾನೆ, ಫೋನ್ ತೆಗೆಯುತ್ತಾನೆ, ಹತ್ತು ಜನರನ್ನು ಕರೆದು ತೋರಿಸಿ ನಗುತ್ತಾನೆ. ಒಳಗೆ ಕುರ್ಚಿಯಲ್ಲಿ ಮಾವ ಕೂತಿರುತ್ತಾರೆ. ಈ ಚಿತ್ರ ಹಗಲು ಹೊತ್ತಿನಲ್ಲೇ ನನ್ನ ಕಣ್ಣ ಮುಂದೆ ಬರತೊಡಗಿತು. ಡಿಸ್ಪ್ಯಾಚಿನಲ್ಲಿ ಹುಬ್ಬಳ್ಳಿಗೆ ಹೋಗಬೇಕಾದ ಪೆಟ್ಟಿಗೆಗೆ ಹೊಸೂರಿನ ಚೀಟಿ ಅಂಟಿಸಿದೆ. ಸೂಪರ್‌ವೈಸರ್ ಕರೆದು, “ಏನ್ರೀ ಸವಿತ, ಮನೇಲಿ ಏನಾದ್ರೂ ತೊಂದ್ರೆನಾ?” ಎಂದರು. ಮೂವತ್ತೆಂಟು ಕೋಟಿಯ ತೊಂದರೆ ಎಂದು ಹೇಳಲಾಗದೆ, “ಹಲ್ಲುನೋವು ಸಾರ್” ಎಂದೆ.

ಗಂಡನಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡು, “ಹೇಳಿದ್ರೆ ಮನಸ್ಸಿಗೆ ಹಚ್ಕೋತಾರೆ. ಹೇಳದೇ ಇದ್ರೆ ನಾಲ್ಕು ಜನ ನಗ್ತಾರೆ. ನೀನೇ ಏನಾದ್ರೂ ನಾಜೂಕಾಗಿ ಮಾಡು” ಎಂದು ಶಿಫ್ಟಿಗೆ ಹೋದರು. ನಾಜೂಕಾಗಿ ನಾನು ಮಾಡಿದ್ದೇನೆಂದರೆ, ಒಂದು ಶನಿವಾರ ಯಾರಿಗೂ ಹೇಳದೆ ನಂಜುಂಡಾಚಾರ್ರ ಅಂಗಡಿಗೆ ಹೋದದ್ದು.

ಆ ಅಂಗಡಿಯಲ್ಲಿ ಬದುಕಿರುವವರ ಮನೆಯ ಹೆಸರುಗಳೂ ಸತ್ತವರ ಸಮಾಧಿಯ ಹೆಸರುಗಳೂ ಒಂದೇ ಗೋಡೆಗೆ ಒರಗಿ ನಿಂತಿದ್ದವು. ಕಲ್ಲಿನ ಪುಡಿ ಬಿಸಿಲಿನಲ್ಲಿ ತೇಲುತ್ತ, ಎಲ್ಲದರ ಮೇಲೂ ಸಮನಾಗಿ ಕೂರುತ್ತಿತ್ತು. ನಡುವೆ ನಮ್ಮ ಕಲ್ಲು. ಸಂಖ್ಯೆ ಪೂರ್ತಿ ಮುಗಿದು, ಕೆಳಗಿನ ಸಾಲುಗಳು ಸೀಮೆಸುಣ್ಣದಲ್ಲಿ ಬರೆದ ಹಾಗೇ ಇದ್ದವು.

“ಸ್ವಲ್ಪ ನಿಧಾನ ಮಾಡಿ ಆಚಾರ್ರೇ” ಎಂದೆ.

ಅವರು ಕನ್ನಡಕ ಮೇಲಕ್ಕೆತ್ತಿ, “ನಾನೂ ಅದೇ ಅನ್ಕೋತಿದ್ದೆ ಕಣಮ್ಮ. ಇದರಲ್ಲೊಂದು ಯಡವಟ್ಟಿದೆ, ಅಲ್ವಾ?” ಎಂದರು. ಇವರಿಗೂ ಗೊತ್ತಾಗಿಬಿಟ್ಟಿದೆ, ಊರಿಗೆಲ್ಲ ಗೊತ್ತಾದ ಹಾಗೇ ಎಂದುಕೊಂಡು, “ಹೌದು, ಇದೆ. ಯಾರಿಗೂ ಹೇಳ್ಬೇಡಿ” ಎಂದು ಹೇಳಿ, ತಿರುಗಿ ನೋಡದೆ ಬಸ್ ಸ್ಟಾಪಿಗೆ ಬಂದೆ.

ಮರುದಿನ ಭಾನುವಾರ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಗೂಡ್ಸ್ ಆಟೋ ಬಂದು ಮನೆಯ ಮುಂದೆ ನಿಂತಿತು. ಗೋಣಿತಾಟು ಸುತ್ತಿದ ಕಲ್ಲಿನ ಜೊತೆ ನಂಜುಂಡಾಚಾರ್ರು ಇಳಿದರು. ನಿಧಾನ ಮಾಡಿ ಎಂದರೆ ಒಂದೇ ದಿನದಲ್ಲಿ ಮುಗಿಸಿ ತಂದಿದ್ದರು! ಮಾವ ಶಲ್ಯ ಹೊದ್ದು ಹೊರಗೆ ಬಂದರು. ನಾನು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದೆ. ಗೋಣಿ ಸರಿಸಿದಾಗ ಕರಿಯ ಕಲ್ಲಿನ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು: 3816547290.

ಮಾವ ನೋಡಿದರು. ನಾನು ನೋಡಿದೆ. ಆಟೋದವನೂ ನೋಡಿದ.

“ಆಚಾರ್ರೇ, ಈ ಸೊನ್ನೆ?” ಎಂದರು ಮಾವ.

“ಅದೇ ಸ್ವಾಮಿ, ಅಮ್ಮಾವ್ರು ನೆನ್ನೆ ಅಂಗಡೀಗೆ ಬಂದು ನಿಧಾನ ಮಾಡಿ, ಯಡವಟ್ಟಿದೆ ಅಂದ್ರಲ್ಲಾ. ನಾನೂ ನೋಡ್ತಾನೇ ಇದ್ದೆ, ಫೋನ್ ನಂಬ್ರದಲ್ಲಿ ಒಂದಂಕಿ ಕಮ್ಮಿ ಇತ್ತು. ಕೊನೇಲಿ ಜಾಗ ಇತ್ತು. ಸೊನ್ನೆ ಕೆತ್ಬುಟ್ಟೆ. ಯಾರಿಗೂ ಹೇಳ್ಬೇಡಿ ಅಂದಿದ್ರು ಅಮ್ಮಾವ್ರು, ನಾನ್ಯಾರ್ಗೂ ಹೇಳಿಲ್ಲ.”

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಇಳಿದುಬಿಡುತ್ತಿದ್ದೆ. ಮಾವ ಕಲ್ಲನ್ನೇ ನೋಡುತ್ತ ನಿಂತರು. ಅವರ ತುಟಿ ಅಲ್ಲಾಡುತ್ತಿತ್ತು. ಬೈಗುಳ ಇರಬೇಕೆಂದು ನಾನು ಕಾದೆ. ಅವರು ಬೆರಳಿನಿಂದ ಸೊನ್ನೆಯ ಸುತ್ತ ಒಂದು ಸುತ್ತು ಬಂದರು.

“ಅಲ್ಲವ್ವ ಸವಿತ… ಹತ್ತರಿಂದಲೂ ಓಗ್ತದಲ್ಲ ಇದು!”

ನಿಜ. ಕೊನೆಯಲ್ಲಿ ಸೊನ್ನೆ ಇದ್ದ ಮೇಲೆ ಹತ್ತರಿಂದ ಹೋಗದೆ ಇನ್ನೇನು? ಸೊನ್ನೆಯಿಂದ ಒಂಬತ್ತರವರೆಗೆ ಹತ್ತೂ ಅಂಕಿಗಳು ಒಂದೊಂದೇ ಸಲ, ಒಂದರಿಂದ ಹತ್ತರವರೆಗೆ ಎಲ್ಲಕ್ಕೂ ಭಾಗ. “ಡಬ್ಬೀಲಿ ಸೊನ್ನೆ ಇರ್ನಿಲ್ಲ ನೋಡು, ಅದಕ್ಕೇ ನಂಗೆ ತೋಚ್ನಿಲ್ಲ. ಆಚಾರ್ರೇ, ನಿಮ್ಮ ಹೆಸ್ರೂ ಹಾಕಿ ಇದರಲ್ಲಿ!” ಎಂದು ಮಾವ ಅವರ ಕೈ ಹಿಡಿದು ಕುಲುಕಿದರು. ಆಚಾರ್ರು ಅದಕ್ಕೂ ತಯಾರಾಗಿ ಉಳಿ ಹುಡುಕತೊಡಗಿದರು. ಆಮೇಲೆ ಮಾವ ನನ್ನ ಕಡೆ ತಿರುಗಿದರು. “ಅದ್ಸರಿ, ನೀನ್ಯಾಕವ್ವ ನಿಧಾನ ಮಾಡ್ಸಕ್ಕೆ ಓಗಿದ್ದೆ?”

ಅಲ್ಲೇ, ಹಳೇ ಗೇಟು ಕಿತ್ತ ಕಂಬದ ಪಕ್ಕದಲ್ಲಿ, ಆಚಾರ್ರು ಮತ್ತು ಆಟೋದವನ ಎದುರಿಗೆ, ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬಸ್ಸು, ಮಂಜು, ಫೋನು. ಯಾರೋ ಮೊದಲೇ ಕಂಡುಹಿಡಿದಿದ್ದಾರೆ ಮಾವ, ಜನ ನಕ್ಕಾರು ಅಂತ ಹೆದರಿದೆ, ನಿಮಗೆ ಹೇಳೋಕೆ ಬಾಯಿ ಬರಲಿಲ್ಲ, ಹನ್ನೊಂದು ದಿನ ಆಯ್ತು. ಹಲ್ಲುನೋವಿನ ಸುಳ್ಳನ್ನೂ ಅದರ ಜೊತೆಗೇ ಒಪ್ಪಿಕೊಂಡೆ.

ಮಾವ ಕಂಬಕ್ಕೆ ಕೈ ಊರಿ ನಿಂತಿದ್ದರು. ಅಲ್ಲಿಂದಲೇ ಕೇಳಿದರು. “ಅವರಿಗೂ ಇದೇನಾ ಬಂದಿರದು?”

“ಇದೇ ಮಾವ.”

“ಇನ್ನೊಂದು ಯಾವುದೂ ಸಿಕ್ಕಿಲ್ವಂತಾ?”

“ಇಲ್ಲ. ಇದೊಂದೇ ಅಂತ ಬರ್ದಿದ್ದಾರೆ.”

“ಸರ್ಯಾಗಿ ನೋಡ್ದಾ?”

“ನಾಲ್ಕು ಕಡೆ ನೋಡ್ದೆ. ಎಲ್ಲ ಕಡೇನೂ ಇದೊಂದೇ.”

ಮಾವ ಹಾಗೇ ಜಗಲಿಯ ಮೇಲೆ ಕೂತುಬಿಟ್ಟರು. ನಾನು ನೀರು ತರಲು ಓಡಬೇಕೆನ್ನುವಷ್ಟರಲ್ಲಿ ಅವರ ಮುಖ ನೋಡಿದೆ. ನಗುತ್ತಿದ್ದರು. ಕಣ್ಣಲ್ಲಿ ನೀರಿತ್ತು, ಆದರೂ ನಗುತ್ತಿದ್ದರು.

“ಅಬ್ಬಾ! ಒಂದು ಭಾರ ಇಳೀತು ಕಣವ್ವ. ಈ ಸಂಖ್ಯೆ ಸರಿ ಅಂತ ನಂಗೆ ಗೊತ್ತಿತ್ತು, ಯಾರು ಬೇಕಾದ್ರೂ ಭಾಗ್ಸಿ ನೋಡ್ಬೌದು. ಇದೊಂದೇ ಅಂತಿದ್ನಲ್ಲ, ಅದು ಸರಿಯೋ ತಪ್ಪೋ ಗೊತ್ತಿರ್ನಿಲ್ಲ. ಓಡೋ ಬಸ್ನಲ್ಲಿ ಮಾಡಿದ ಲೆಕ್ಕ. ಆ ಹತ್ತರಲ್ಲಿ ಯಾವ್ದನ್ನಾದ್ರೂ ತಪ್ಪು ಭಾಗ್ಸಿ ಕೈಬುಟ್ಟಿದ್ರೆ? ಮೊದ್ಲೇ ಬೀಗ ಹಾಕಿದ್ದರಲ್ಲಿ ಒಂದು ಉಳಿದೋಗಿದ್ರೆ? ಯಾರ್ಗೆ ತೋರ್ಸ್ಲಿ? ಜೊತೇಲಿ ಕೆಲ್ಸ ಮಾಡೋರು ಲಾಟ್ರಿ ನಂಬ್ರಾ ಅಂದ್ರು. ನಿಮ್ಮತ್ತೆ ಕೇಳುದ್ಲು, ಪಾಪ, ಲೆಕ್ಕ ನೋಡ್ನಿಲ್ಲ. ಅದಕ್ಕೇ ಬೀದೀಗೆ ಹಾಕ್ಸದು ಅಂತ ಮಾಡ್ದೆ. ಓದೋ ಮಕ್ಳು ಓಡಾಡೋ ಬೀದಿ. ತಪ್ಪಿದ್ರೆ ಯಾರಾದ್ರೂ ಗೇಟ್ ತಟ್ಟಿ, ಅಜ್ಜಾ ನಿಂದು ತಪ್ಪು ಅಂತ ಏಳ್ಲಿ ಅಂತ.”

ನಾನು ಅವರ ಪಕ್ಕದಲ್ಲಿ ಕೂತೆ. ಹನ್ನೊಂದು ದಿನ ನಾನು ಕಾಪಾಡಲು ಒದ್ದಾಡಿದ ಆ ಹೆಮ್ಮೆ ಅವರಲ್ಲಿ ಇರಲೇ ಇಲ್ಲ. ಇದ್ದದ್ದು ಒಂದು ಅನುಮಾನ, ಮೂವತ್ತು ವರ್ಷದ್ದು. ಅದನ್ನು ಕಳೆಯುವ ಮಾತು ನನ್ನ ಚೀಲದಲ್ಲಿತ್ತು, ಜಿಪ್ ಎಳೆದುಕೊಂಡು ಹೂಟಗಳ್ಳಿಗೂ ಮನೆಗೂ ಹೊತ್ತು ತಿರುಗಿದ್ದೆ.

“ಹಾಗಾದ್ರೆ ‘ಕಂಡುಹಿಡಿದವರು’ ಅನ್ನೋದನ್ನ ತೆಗೆಸೋಣ್ವಾ ಮಾವ?” ಎಂದು ಮೆಲ್ಲಗೆ ಕೇಳಿದೆ.

“ಎಲ್ಲೈತೆ ಅಂಗಂತ? ಕಂಡವರು ಅಂತ ಐತೆ ನೋಡು. ಚಾಮುಂಡಿ ಬೆಟ್ಟ ಕಂಡೆ ಅಂದ್ರೆ ನನ್ಗಿಂತ ಮುಂಚೆ ಯಾರೂ ಕಂಡಿಲ್ಲ ಅಂತಾನಾ? ಅವರೂ ಕಂಡ್ರು, ನಾನೂ ಕಂಡೆ. ಇರ್ಲಿ ಬುಡು.”

ಕಲ್ಲನ್ನು ಮತ್ತೆ ನೋಡಿದೆ. ‘ಕಂಡವರು’ ಎಂದೇ ಇತ್ತು. ಮೊದಲಿನಿಂದಲೂ ಹಾಗೇ ಇದ್ದದ್ದು. ಹದಿನಾಲ್ಕು ವರ್ಷ ಚೀಟಿ ಓದುವ ಕೆಲಸ ಮಾಡಿದವಳು ಇಷ್ಟು ಚೆನ್ನಾಗಿ ಓದಿದ್ದೆ. ಆ ಮಧ್ಯಾಹ್ನ ಮಾವ ನನ್ನಿಂದ ಫೋನ್ ತೆಗೆಸಿ, ಅಲ್ಲಿ ಬರೆದದ್ದನ್ನೆಲ್ಲ ಕನ್ನಡದಲ್ಲಿ ಓದಿಸಿಕೊಂಡರು. ಸೊನ್ನೆ ಸೇರಿಸಿದ ಹತ್ತಂಕಿಯದೂ ಅಲ್ಲಿತ್ತು. ಅವರು ಹಿಡಿದ ದಾರಿಯಲ್ಲೇ ಯಾರೋ ಬಂದಿದ್ದರು, ಐದಕ್ಕೆ ನಡುಮನೆ ಕೊಟ್ಟು, ಸಮಗಳಿಗೆ ಸಮದ ಮನೆ ಕೊಟ್ಟು. “ಇವ್ನೂ ಇಲ್ಲೀಗಂಟ ಬಂದವ್ನೆ!” ಎಂದು ಮಾವ ದೂರದ ನೆಂಟರು ಸಿಕ್ಕ ಹಾಗೆ ಮೊಣಕಾಲು ತಟ್ಟಿಕೊಂಡರು. ಕೇಳುತ್ತ ಕೇಳುತ್ತ ಕುರ್ಚಿಯಲ್ಲೇ ನಿದ್ದೆ ಹೋದರು. ಬಿಸಿಲು ಅವರ ಕಾಲಿನ ಮೇಲಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿದು ಹೋಯಿತು. ನಾನು ಎಬ್ಬಿಸಲಿಲ್ಲ.

ಈಗ ಕಲ್ಲು ಕಂಬದ ಮೇಲಿದೆ. ತಪ್ಪು ಹುಡುಕಿ ಗೇಟು ತಟ್ಟಿದವರು ಇದುವರೆಗೆ ಯಾರೂ ಇಲ್ಲ. ರೂಮ್ ಬಾಡಿಗೆಗೆ ಹುಡುಕುವ ಮಕ್ಕಳು ಮಾತ್ರ ದಿನಕ್ಕೊಬ್ಬರಂತೆ ತಟ್ಟಿ, “ಅಂಕಲ್, ಈ ನಂಬರಿಗೆ ಕಾಲ್ ಹೋಗ್ತಿಲ್ಲ” ಎನ್ನುತ್ತಾರೆ. ಮಾವ ಅವರನ್ನು ಕೂರಿಸಿ ಮೂರರಿಂದ ಶುರು ಮಾಡುತ್ತಾರೆ. ರೂಮು ಸಿಗದೆ ಹೋದರೂ ಅವರಲ್ಲಿ ಕೆಲವರು ನಗುನಗುತ್ತ ಹೋಗುವುದನ್ನು ನೋಡಿದ್ದೇನೆ. ಹೋದ ವಾರ ಮಾವ ಸ್ನಾನಕ್ಕೆ ಹೋಗಿದ್ದಾಗ ಪಿಯುಸಿ ಓದುವ ಒಬ್ಬಳು ಬಂದಳು. ಅವಳಿಗೆ ನಾನೇ ಹೇಳಿಕೊಟ್ಟೆ. ಐದರ ಮನೆ, ಸಮಗಳ ಮನೆ, ಹತ್ತು ಉಳಿದದ್ದು, ಏಳಕ್ಕೆ ಒಂಬತ್ತು ಬಿದ್ದದ್ದು, ಎಲ್ಲ. ನನ್ನ ಬಾಯಿಂದ ಲೆಕ್ಕ ಹರಿದು ಬರುವುದನ್ನು ನಾನೇ ದೂರ ನಿಂತು ಕನಸಿನಲ್ಲಿ ಕೇಳಿಸಿಕೊಂಡ ಹಾಗಿತ್ತು. ಅವಳು ಕಣ್ಣರಳಿಸಿ, “ಆಂಟಿ, ನೀವು ಮ್ಯಾಥ್ಸ್ ಲೆಕ್ಚರರ್ರಾ?” ಎಂದು ಕೇಳಿದಳು. ಕನಸಿನಲ್ಲಿ ಇದ್ದವಳು ಹೂಂ ಎಂದುಬಿಟ್ಟೆ.

ಮಾರನೇ ದಿನ ಸಂಜೆ ಅವಳು ದಪ್ಪ ಪುಸ್ತಕ ಹಿಡಿದು, ಇನ್ನಿಬ್ಬರು ಗೆಳತಿಯರನ್ನು ಕಟ್ಟಿಕೊಂಡು ಬಂದು ಬೆಲ್ ಒತ್ತಿದಳು. ಯಾವುದೋ ಲೆಕ್ಕದಲ್ಲಿ ಅನುಮಾನವಂತೆ. ನಾನು ಒಗ್ಗರಣೆ ಸೌಟು ಹಿಡಿದು ಅಡುಗೆಮನೆಯ ಬಾಗಿಲ ಹಿಂದೆ ಸರಿದು, ಇಲ್ಲ ಎನ್ನಿ ಎಂದು ಮಾವನಿಗೆ ಕೈಸನ್ನೆ ಮಾಡಿದೆ. ಮಾವ ನನ್ನನ್ನು ಒಂದು ಗಳಿಗೆ ನೋಡಿ, ಗೇಟಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು:

“ಒಳ್ಗೇ ಅವಳೆ, ಬನ್ರವ್ವ. ನಮ್ಮ ಸೊಸೇಗೆ ಹತ್ತರಗಂಟ ಚೆನ್ನಾಗಿ ಬತ್ತದೆ. ಅಲ್ಲಿಂದ ಮುಂದುಕ್ಕೆ ನೀವೇ ಒಸಿ ಏಳ್ಕೊಡಿ.”